ಒಂದೇ ಕೀ ಇದ್ದ ಕಾರು

ಟ್ಯಾಕ್ಸಿ ಅವತ್ತೂ ಬರಲಿಲ್ಲ.

ಟೈಲರ್‌ನ ಹೆಂಡತಿ ಬೆಳಿಗ್ಗೆ ಆರು ಗಂಟೆಗೇ ಸಿದ್ಧವಾಗಿ ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತಿದ್ದಳು. ಮಡಿಲಲ್ಲಿ ಬಟ್ಟೆಯ ಚೀಲ, ಚೀಲದಲ್ಲಿ ಆಸ್ಪತ್ರೆಯ ಫೈಲು ಮತ್ತು ಒಂದು ಹೊದಿಕೆ. ಅವಳ ಎರಡೂ ಕಿಡ್ನಿ ಕೈಕೊಟ್ಟು ಒಂದೂವರೆ ವರ್ಷವಾಗಿತ್ತು. ವಾರಕ್ಕೆ ಮೂರು ಸಲ ಆಸ್ಪತ್ರೆಗೆ ಹೋಗಿ, ನಾಲ್ಕು ಗಂಟೆ ಮಲಗಿ, ಡಯಾಲಿಸಿಸ್ ಯಂತ್ರದಲ್ಲಿ ರಕ್ತ ಶುದ್ಧ ಮಾಡಿಸಿಕೊಂಡು ಬರಬೇಕು. ಏಳು ಗಂಟೆಗೆ ಅಲ್ಲಿರದಿದ್ದರೆ ಹಾಸಿಗೆ ಇನ್ನೊಬ್ಬರಿಗೆ ಹೋಗುತ್ತದೆ. ಆ ತಿಂಗಳು ಹೀಗೆ ತಪ್ಪಿದ್ದು ಇದು ಎರಡನೇ ಸಲ. ಮೊದಲ ಸಲ ತಪ್ಪಿದಾಗ ಅವಳ ಕಾಲು ಊದಿ, ಉಸಿರು ಕಟ್ಟಿ, ಮನೆಯವರ ಜೀವ ಬಾಯಿಗೆ ಬಂದಿತ್ತು.

ಅವಳು ಕೂತಲ್ಲಿಂದ ಹತ್ತೇ ಹೆಜ್ಜೆ ದೂರದಲ್ಲಿ ಅವರದೇ ಕಾರು ನಿಂತಿತ್ತು. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆಯುವುದು ಅಂದರೆ ಇದೇ. ಆದರೆ ಆ ಕಾರಿಗೆ ಕೀ ಇರಲಿಲ್ಲ. ಹದಿನಾಲ್ಕು ತಿಂಗಳಿಂದ ಇರಲಿಲ್ಲ. ಯಾರಾದರೂ ಕೇಳಿದರೆ ಟೈಲರ್ “ಕಳೆದುಹೋಗಿದೆ” ಅನ್ನುತ್ತಿದ್ದ. ಇನ್ನೊಂದು ಮಾತು ಕೇಳುವಷ್ಟರಲ್ಲಿ ಹೊಲಿಗೆ ಯಂತ್ರ ಗಡಗಡ ಅನ್ನಲು ಶುರುವಾಗುತ್ತಿತ್ತು.

“ಅಪ್ಪಾ, ಆಸ್ಪತ್ರೆಗೆ ಫೋನ್ ಮಾಡ್ದೆ,” ಅಂದಳು ಮಗಳು. “ನಾಳೆ ಏಳಕ್ಕೆ ಒಂದು ಹಾಸಿಗೆ ಇದೆಯಂತೆ. ಅದೂ ತಪ್ಪಿಸಿದ್ರೆ ಮುಂದಿನ ಮಾತು ನಮ್ಮನ್ನ ಕೇಳಬೇಡಿ ಅಂದ್ರು.”

“ಬೇರೆ ಟ್ಯಾಕ್ಸಿ ಹೇಳೋಣ.”

“ಆ ಬೇರೆಯವನೂ ಬರದಿದ್ರೆ? ನಾನು ಡ್ರೈವಿಂಗ್ ಕಲಿತು ಲೈಸೆನ್ಸ್ ತಗೊಂಡಿದ್ದು ಪರ್ಸಲ್ಲಿ ಇಟ್ಕೊಂಡು ಓಡಾಡೋಕಾ? ಟಯರ್ ಅಂಗಡಿಯವರು ಒಬ್ಬ ಅಕ್ಕನ ನಂಬರ್ ಕೊಟ್ಟಿದ್ದಾರೆ. ಕಾರಿದ್ದಲ್ಲಿಗೇ ಬಂದು ಕೀ ಮಾಡ್ಕೊಡ್ತಾರೆ. ಮಾತಾಡಿದೆ. ಯಾವ ಕಾರು, ಯಾವ ವರ್ಷದ್ದು ಅಂತೆಲ್ಲ ಕೇಳಿ, ಒಟ್ಟು ಎಷ್ಟಾಗುತ್ತೆ ಅಂತ ಫೋನಲ್ಲೇ ಹೇಳಿದ್ರು. ಹನ್ನೊಂದು ಗಂಟೆಗೆ ಬರ್ತಾರೆ.”

ಟೈಲರ್ ತಲೆ ಎತ್ತಿದ. “ಯಾರನ್ನ ಕೇಳಿ ಬರೋಕೆ ಹೇಳಿದೆ? ಬೀದೀಲಿ ಹೋಗೋರು ಬಂದು ಹತ್ತು ನಿಮಿಷದಲ್ಲಿ ಕಾರು ತೆಗೀತಾರೆ ಅಂದ್ರೆ ಕಳ್ಳರಿಗೂ ಅವರಿಗೂ ಏನು ವ್ಯತ್ಯಾಸ?”

“ರೀ,” ಅಂದಳು ಹೆಂಡತಿ, ಕುರ್ಚಿಯಿಂದಲೇ. “ಬರಲಿ ಬಿಡಿ.”

ಅವಳ ಪಾದ ಆಗಲೇ ಚಪ್ಪಲಿಯ ಪಟ್ಟಿಯ ಮೇಲೆ ಉಬ್ಬಿತ್ತು. ಟೈಲರ್ ಅದನ್ನು ನೋಡಿ ಹೊಲಿಗೆ ಯಂತ್ರದ ಹತ್ತಿರ ಹೋಗಿ ಕೂತ.

ಹನ್ನೊಂದಕ್ಕೆ ಸರಿಯಾಗಿ ಒಂದು ಬಿಳಿ ವ್ಯಾನು ಬಂದು ನಿಂತಿತು. ಇಳಿದವಳು ನಲವತ್ತರ ಹೆಂಗಸು, ಸುತ್ತಮುತ್ತಲಿನವರೆಲ್ಲ ‘ಕೀ ಅಕ್ಕ’ ಅಂತಲೇ ಕರೆಯುತ್ತಿದ್ದರು. ಬಂದವಳು ಕಾರಿನ ಕಡೆ ತಿರುಗಿಯೂ ನೋಡದೆ ಸೀದಾ ಟೈಲರ್ ಹತ್ತಿರ ಬಂದಳು.

“ಅಣ್ಣಾ, ಕಾರು ಯಾರ ಹೆಸರಲ್ಲಿದೆ? ಕಾಗದ ತೋರಿಸಿ. ನಿಮ್ಮ ಗುರುತಿನ ಚೀಟೀನೂ.”

“ಇದು ಚೆನ್ನಾಗಿದೆ! ನನ್ನ ಮನೆ ಮುಂದೆ ನನ್ನ ಕಾರು. ನಾನೇ ನಿಂಗೆ ಸಾಕ್ಷಿ ಕೊಡಬೇಕಾ?”

“ಕೊಡ್ಲೇಬೇಕು. ಇವತ್ತು ನಿಮ್ಮನ್ನ ಕೇಳದೆ ಮಾಡ್ಕೊಟ್ರೆ, ನಾಳೆ ಇನ್ಯಾರೋ ಇದು ನಂದೇ ಅಂತ ಹೇಳಿ ನಿಮ್ಮ ಕಾರಿಗೇ ಕೀ ಮಾಡಿಸ್ಕೊಂಡು ಹೋಗ್ತಾರೆ. ಕಾಗದ ಕೇಳದೆ ಕೀ ಮಾಡ್ಕೊಡೋರು ಸಿಕ್ಕಿದ್ರೆ ಅವರನ್ನ ಮನೆ ಹತ್ತಿರಾನೂ ಸೇರಿಸ್ಬೇಡಿ.”

ಕಳ್ಳರಿಗೂ ಇವರಿಗೂ ಏನು ವ್ಯತ್ಯಾಸ ಅಂತ ಕೇಳಿದ್ದ ಟೈಲರ್‌ಗೆ ಉತ್ತರ ಅಂಗಳದಲ್ಲೇ ಸಿಕ್ಕಿತು. ಮುಖ ಗಂಟು ಹಾಕಿಕೊಂಡೇ ಒಳಗೆ ಹೋಗಿ ಕಾಗದ ತಂದ. ಆಕೆ ಹೆಸರು, ನಂಬರು, ಫೋಟೋ ಎಲ್ಲ ತಾಳೆ ನೋಡಿದಳು. ಆಮೇಲೆ ಕಾರಿನ ಹತ್ತಿರ ಹೋದಳು.

ಕಾರಿಗೆ ಟೈಲರೇ ಹೊಲಿದ ಹೊದಿಕೆ ಇತ್ತು. ಶಾಲೆಯ ಸಮವಸ್ತ್ರ ಹೊಲಿದು ಉಳಿದ ಕಡುನೀಲಿ ಬಟ್ಟೆ, ತುಂಡು ತುಂಡು ಜೋಡಿಸಿ, ಎರಡೆರಡು ಹೊಲಿಗೆ ಹಾಕಿದ್ದ. ಒಂದು ನೆರಿಗೆ ಹೆಚ್ಚಿಲ್ಲ, ಒಂದು ಕಮ್ಮಿಯಿಲ್ಲ. ಕೀ ಅಕ್ಕ ಮೆಚ್ಚಿ ಸವರಿದಳು. ಡ್ರೈವರ್ ಬಾಗಿಲ ಹತ್ತಿರ ಅವಳ ಕೈ ನಿಂತಿತು. ಅಲ್ಲಿ ಮಾತ್ರ ಬಟ್ಟೆಯನ್ನು ಬಾಗಿಲಿನ ಅಳತೆಗೆ ಕತ್ತರಿಸಿ, ಸಾಲಾಗಿ ಆರು ಗುಂಡಿ ಇಟ್ಟಿತ್ತು.

“ಇದೇನಣ್ಣಾ, ಇಲ್ಲೊಂದು ಬಾಗಿಲು ಬಿಟ್ಟಿದ್ದೀರಿ? ಕೀನೇ ಇಲ್ಲದ ಕಾರಿಗೆ?”

“ಸುಮ್ಮನೆ. ಹೊಲಿಗೆ ಚೆನ್ನಾಗಿ ಕಾಣ್ಲಿ ಅಂತ,” ಅಂದ ಟೈಲರ್.

ಆಕೆ ಹೆಚ್ಚು ಕೆದಕಲಿಲ್ಲ. ತೆಳ್ಳನೆಯ ಎರಡು ಕಡ್ಡಿ ತೆಗೆದು ಬೀಗದೊಳಗೆ ಆಡಿಸುತ್ತ ಕೂತಳು. ಗಾಜು ಒಡೆಯಲಿಲ್ಲ, ಬಣ್ಣ ಕೆರೆಯಲಿಲ್ಲ. ಇಪ್ಪತ್ತು ನಿಮಿಷಕ್ಕೆ ಬಾಗಿಲು ಕಟಕ್ ಅಂತ ತೆರೆದುಕೊಂಡಿತು. ಒಳಗಿನಿಂದ ಮುಚ್ಚಿಟ್ಟ ಪೆಟ್ಟಿಗೆಯ ವಾಸನೆ ಬಂತು. ಗೇರಿನ ಪಕ್ಕದ ಗೂಡಿನಲ್ಲಿ ಒಂದು ಕಪ್ಪು ಬಾಚಣಿಗೆ ಇತ್ತು. ಟೈಲರ್ ಬಗ್ಗಿ ಅದನ್ನು ತೆಗೆದು, ಯಾರೂ ನೋಡಲಿಲ್ಲ ಅಂದುಕೊಂಡು ಅಂಗಿಯ ಜೇಬಿಗೆ ಹಾಕಿಕೊಂಡ. ಮಗಳು ನೋಡಿದಳು, ಹೆಂಡತಿಯೂ ನೋಡಿದಳು.

ಕಾರಿನ ಬ್ಯಾಟರಿ ಸತ್ತೇಹೋಗಿತ್ತು. ಕೀ ಅಕ್ಕ ತನ್ನ ವ್ಯಾನಿನ ಬ್ಯಾಟರಿ ಜೋಡಿಸಿದಳು. ಬೀಗದ ಅಳತೆ ಹಿಡಿದು, ವ್ಯಾನಿನೊಳಗಿನ ಪುಟ್ಟ ಯಂತ್ರದಲ್ಲಿ ಎರಡು ಕೀ ಕೊರೆದಳು.

“ಎರಡು ಯಾಕೆ?” ಅಂದ ಟೈಲರ್.

“ಒಂದೇ ಇಟ್ಕೊಂಡು ತಾನೇ ಇಷ್ಟೆಲ್ಲ ಆಗಿದ್ದು? ಕೈಯಲ್ಲಿ ಒಂದು ಕೀ ಇದ್ದಾಗ ಇನ್ನೊಂದು ಮಾಡಿಸೋದು ಸುಲಭ, ಖರ್ಚೂ ಕಮ್ಮಿ. ಒಂದೂ ಇಲ್ದಾಗ ಹೀಗೆ ಬೀಗ ಬಿಡಿಸಿ, ಅಳತೆ ತೆಗೆದು, ಮೊದಲಿನಿಂದ ಶುರು ಮಾಡ್ಬೇಕು. ಎಲ್ರೂ ಬೆಂಕಿ ಬಿದ್ದ ಮೇಲೇ ಬಾವಿ ತೋಡೋಕೆ ನನ್ನನ್ನ ಕರೀತಾರೆ.”

ಸ್ಟಿಯರಿಂಗ್ ಕೆಳಗೆ ಒಂದು ಸಣ್ಣ ಉಪಕರಣ ಸಿಕ್ಕಿಸಿ ಆಕೆ ಹೇಳಿದಳು, “ಈಗ ಸರಿಯಾಗಿ ಕೇಳಿ. ಕೀ ತಲೆಯೊಳಗೆ ಕಾಳಿನಷ್ಟು ದೊಡ್ಡ ಚಿಪ್ ಇರುತ್ತೆ. ಅದನ್ನ ಕಾರು ಗುರುತು ಹಿಡಿದ್ರೆ ಮಾತ್ರ ಇಂಜಿನ್ ಸ್ಟಾರ್ಟ್ ಆಗೋದು. ಈ ಎರಡು ಕೀಯ ಗುರುತನ್ನ ಕಾರಿಗೆ ಕಲಿಸ್ತೀನಿ. ಕಲಿಸುವಾಗ ಹಳೇ ಕೀಯ ಗುರುತು ಅಳಿಸಿಹೋಗುತ್ತೆ. ಅದು ಎಲ್ಲಿ ಕಳೀತು ಅಣ್ಣಾ? ಒಟ್ಟು ಎಷ್ಟಿದ್ದವು?”

“ಒಂದೇ. ಎಲ್ಲೋ... ಓಡಾಡುವಾಗ... ಬಿದ್ದಿರಬೇಕು.” ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥ ಮಾತು. ಆಮೇಲೆ ಅವನು ಥಟ್ಟನೆ ಮುಂದೆ ಬಂದ. “ಅಳಿಸಿಹೋಗುತ್ತೆ ಅಂದ್ರೆ?”

“ಆ ಕೀಗೆ ಇನ್ನು ಈ ಕಾರು ಸ್ಟಾರ್ಟ್ ಆಗಲ್ಲ. ಒಳ್ಳೇದೇ ಅಲ್ವಾ? ಯಾರ ಕೈಗೆ ಸಿಕ್ಕಿದೆಯೋ ಏನೋ.”

“ಬೇಡ. ಕೆಲಸ ನಿಲ್ಸಮ್ಮಾ. ನಿನ್ನ ದುಡ್ಡು ಪೂರ್ತಿ ಕೊಡ್ತೀನಿ. ಅದೊಂದು ಅಳಿಸ್ಬೇಡ.”

“ಅಳಿಸದೆ ಕಲಿಸೋಕೆ ಈ ಕಾರಲ್ಲಿ ಆಗಲ್ಲ ಅಣ್ಣಾ.”

“ಹಾಗಾದ್ರೆ ಕೀನೇ ಬೇಡ!”

ಮಗಳಿಗೆ ರೇಗಿತು. “ಅಪ್ಪಾ, ನಾಳೆ ಏಳು ಗಂಟೆಗೆ ಅಮ್ಮನ್ನ ಹೊತ್ಕೊಂಡು ಹೋಗ್ತೀಯಾ? ಅವಳಿಗೆ ಏನಾದ್ರೂ ಆದ್ರೆ ಆ ಹಳೇ ಕೀಯ ಗುರುತು ಉಳಿಸ್ಕೊಂಡು ಏನು ಮಾಡ್ತೀಯಾ?”

ಟೈಲರ್ ಗೋಡೆಗೆ ಒರಗಿ ನಿಂತುಬಿಟ್ಟ. ಕೊರಳಲ್ಲಿ ನೇತಾಡುತ್ತಿದ್ದ ಟೇಪನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡಿದ್ದ. ಕೊನೆಗೆ ಕುರ್ಚಿಯಿಂದ ದನಿ ಬಂತು.

“ಕೀ ಕಳೆದಿಲ್ಲಮ್ಮಾ,” ಅಂದಳು ಹೆಂಡತಿ. “ನನ್ನ ಮಗನ ಜೇಬಲ್ಲಿದೆ.”

ಹದಿನಾಲ್ಕು ತಿಂಗಳಲ್ಲಿ ಆ ಮನೆಯಲ್ಲಿ ಯಾರೂ ಹೊರಗಿನವರ ಮುಂದೆ ಆಡದ ಮಾತು ಅದು. ಆಡಿದ ಮೇಲೆ ಅವಳು ಸೆರಗಿನಿಂದ ಕಣ್ಣು ಒತ್ತಿಕೊಂಡಳು.

ಉಳಿದದ್ದನ್ನು ಟೈಲರೇ ಹೇಳಬೇಕಾಯಿತು. ಮಗ ಮನೆ ಬಿಟ್ಟ ದಿನವೂ ಆಸ್ಪತ್ರೆಯ ದಿನವೇ. ಅಮ್ಮನನ್ನು ಏಳಕ್ಕೆ ಕರೆದುಕೊಂಡು ಹೋಗಬೇಕಾಗಿದ್ದ ಮಗ ಗೆಳೆಯರ ಜೊತೆ ಕಾರು ತೆಗೆದುಕೊಂಡು ಹೋದವನು ಬಂದದ್ದು ಹತ್ತಕ್ಕೆ. ಟೈಲರ್ ಕೈಯಲ್ಲಿ ಕತ್ತರಿ ಇತ್ತು, ನಾಲಿಗೆ ಅದಕ್ಕಿಂತ ಹರಿತವಾಗಿತ್ತು. ಕೀ ಮೇಜಿನ ಮೇಲಿಟ್ಟು ಹೊರಗೆ ನಡಿ, ಇನ್ನು ಈ ಹೊಸ್ತಿಲು ತುಳೀಬೇಡ ಅಂದ. ಮಗ ಕಾರನ್ನು ಅಲ್ಲೇ ಬಿಟ್ಟು ನಡೆದೇ ಹೋದ. ಪೊಲೀಸರಿಗೆ ದೂರು ಕೊಟ್ಟರು, ಗೆಳೆಯರನ್ನೆಲ್ಲ ಕೇಳಿದರು, ಸುತ್ತಲಿನ ಊರುಗಳ ಆಸ್ಪತ್ರೆಗಳನ್ನೂ ಸುತ್ತಿದರು. ಫೋನು ಅವತ್ತೇ ಆಫ್ ಆದದ್ದು ಮತ್ತೆ ಆನ್ ಆಗಲಿಲ್ಲ. ಕೋಪದಲ್ಲಿ ಕೊಯ್ದ ಮೂಗು ಮತ್ತೆ ಬಂದೀತೇ ಅನ್ನುತ್ತಾರೆ. ಬಟ್ಟೆ ತಪ್ಪಾಗಿ ಕತ್ತರಿಸಿದರೆ ತೇಪೆ ಹಾಕುವುದು ಗೊತ್ತಿದ್ದವನಿಗೆ ಇದಕ್ಕೆ ಏನು ಮಾಡಬೇಕೆಂದು ಗೊತ್ತಾಗಲಿಲ್ಲ.

“ಕೀ ಇಟ್ಟು ಹೋಗು ಅಂದೆ. ಅವನು ಇಡ್ಲಿಲ್ಲಮ್ಮಾ,” ಅಂದ ಟೈಲರ್. “ಜೇಬಿಗೆ ಹಾಕ್ಕೊಂಡು ಹೋದ. ಬರೋ ಮನಸ್ಸಿಲ್ದಿದ್ರೆ ಯಾಕೆ ತಗೊಂಡು ಹೋಗ್ತಿದ್ದ? ಒಂದಲ್ಲ ಒಂದು ದಿನ ಬರ್ತಾನೆ. ಮನೆಯೊಳಗೆ ಬರೋಕೆ ಮನಸ್ಸಾಗದಿದ್ರೂ ಕಾರಿನ ಹತ್ತಿರ ಬಂದೇ ಬರ್ತಾನೆ. ಅದಕ್ಕೇ ಆ ಗುಂಡಿ ಇಟ್ಟಿದ್ದು. ಅವನ ಕೀ ನಡೀದೇ ಹೋದ್ರೆ, ಅಪ್ಪ ಬೀಗಾನೂ ಬದಲಾಯಿಸಿಬಿಟ್ಟ ಅಂದ್ಕೊಂಡು ತಿರುಗಿ ಹೋಗ್ತಾನೆ. ಎರಡನೇ ಸಲ ಹೋದ್ರೆ ನಾನು ಬದುಕಲ್ಲ.”

ಕೀ ಅಕ್ಕ ಕಾರಿನಿಂದ ಇಳಿದು ಬಂದು ಅವನ ಪಕ್ಕದಲ್ಲೇ ಮೆಟ್ಟಿಲ ಮೇಲೆ ಕೂತಳು. ಕೈಯಲ್ಲಿ ಹೊಸ ಕೀ ಹಿಡಿದಿದ್ದಳು.

“ಅಣ್ಣಾ, ಇದನ್ನ ನೀವು ಮೊದಲೇ ಹೇಳ್ಬೇಕಿತ್ತು. ಕೀ ಬಗ್ಗೆ ನನ್ನ ಹತ್ತಿರ ಮುಚ್ಚಿಟ್ರೆ ಸರಿಯಾದ ದಾರಿ ಹೇಳೋಕಾಗಲ್ಲ. ಕಳ್ಳರ ಕೈಗೆ ಸಿಕ್ಕಿದೆ ಅನ್ನೋ ಅನುಮಾನ ಇದ್ದಿದ್ರೆ ಬಾಗಿಲ ಬೀಗಾನೂ ಬದಲಾಯಿಸಿ ಅಂತಿದ್ದೆ. ಇಲ್ಲಿ ಹಾಗನ್ನಲ್ಲ. ಬೀಗ ಅದೇ ಇರುತ್ತೆ. ನೋಡಿ, ಹೊಸ ಕೀಗೂ ಹಳೇ ಕೀಗೂ ಹಲ್ಲು ಒಂದೇ. ನಿಮ್ಮ ಮಗ ಯಾವಾಗ ಬಂದ್ರೂ ಅವನ ಕೀಗೆ ಬಾಗಿಲು ತೆರೆಯುತ್ತೆ. ಇಂಜಿನ್ ಮಾತ್ರ ಸ್ಟಾರ್ಟ್ ಆಗಲ್ಲ. ಅವನು ಬಂದ ದಿನ ನಂಗೆ ಫೋನ್ ಮಾಡಿ. ಅವನ ಕೀನೂ ಮತ್ತೆ ಕಾರಿಗೆ ಕಲಿಸಿಕೊಡ್ತೀನಿ. ಅದಕ್ಕೆ ನಾನು ಒಂದು ಕಾಸೂ ತಗೊಳ್ಳಲ್ಲ.”

“ಬಾಗಿಲು ತೆರೆಯುತ್ತಾ?”

“ತೆರೆಯುತ್ತೆ.”

“ಒಳಗೆ ಕೂತ್ಕೋಬಹುದಾ?”

“ಎಷ್ಟು ಹೊತ್ತು ಬೇಕಾದ್ರೂ.”

ಟೈಲರ್ ಲೆಕ್ಕ ಹಾಕುವವನ ಹಾಗೆ ಕಾರನ್ನು ನೋಡುತ್ತ ನಿಂತ. “ಕೂತ್ಕೊಂಡು ಕೀ ತಿರುಗಿಸ್ತಾನೆ. ಸ್ಟಾರ್ಟ್ ಆಗಲ್ಲ. ಮತ್ತೆ ತಿರುಗಿಸ್ತಾನೆ.” ಅವನು ಕೀ ಅಕ್ಕನ ಕಡೆ ತಿರುಗಿದ. “ಆಮೇಲೆ ಒಳಗೆ ಬಂದು ಕೇಳ್ಬೇಕಾಗುತ್ತೆ, ಅಲ್ವಾ? ಅಪ್ಪಾ, ಕಾರಿಗೇನಾಯ್ತು ಅಂತ ನನ್ನನ್ನೇ ಕೇಳ್ಬೇಕಾಗುತ್ತೆ.”

ಹೆಂಡತಿ ಜೋರಾಗಿ ಅತ್ತುಬಿಟ್ಟಳು. ಮಗಳು ಹೋಗಿ ಅವಳ ಭುಜ ಹಿಡಿದುಕೊಂಡಳು.

“ಅಳಿಸಮ್ಮಾ,” ಅಂದ ಟೈಲರ್.

ಆಕೆ ಮತ್ತೆ ಕಾರಿನಲ್ಲಿ ಕೂತು ಕೆಲಸ ಮುಗಿಸಿದಳು. ಎರಡೂ ಹೊಸ ಕೀಗಳಿಂದ ಒಂದೊಂದು ಸಲ ಇಂಜಿನ್ ಸ್ಟಾರ್ಟ್ ಮಾಡಿ ತೋರಿಸಿ, ರಸೀದಿ ಬರೆದುಕೊಟ್ಟು ಹೋದಳು. ಮಧ್ಯಾಹ್ನ ಮಗಳು ಹೊಸ ಬ್ಯಾಟರಿ ತಂದು ಹಾಕಿಸಿದಳು. ಮರುದಿನ ಬೆಳಿಗ್ಗೆ ಆರೂ ಮುಕ್ಕಾಲಿಗೆ ಟೈಲರ್‌ನ ಹೆಂಡತಿ ಆಸ್ಪತ್ರೆಯ ಹಾಸಿಗೆಯ ಮೇಲಿದ್ದಳು. ಅಲ್ಲಿಂದ ಇಲ್ಲಿಯವರೆಗೆ ಅವಳ ಒಂದು ಸರದಿಯೂ ತಪ್ಪಿಲ್ಲ. ಮಗ ಇನ್ನೂ ಬಂದಿಲ್ಲ.

ಈ ಕಥೆ ಓದುತ್ತಿರುವವರೇ, ಯಾರಾದರೂ ಓದಿ ಹೇಳುತ್ತಿದ್ದರೆ ಕೇಳುತ್ತಿರುವವರೇ, ನಿಮ್ಮ ಗಾಡಿಗೆ ಎಷ್ಟು ಕೀ ಇವೆ? ಒಂದೇ ಇದ್ದರೆ ಈ ವಾರವೇ ಇನ್ನೊಂದು ಮಾಡಿಸಿ, ಮನೆಯಲ್ಲಿ ಎಲ್ಲರಿಗೂ ಗೊತ್ತಿರುವ ಜಾಗದಲ್ಲಿಡಿ. ಕೀ ಕಳೆದರೆ ಗಾಜು ಒಡೆಯಲು ಹೋಗಬೇಡಿ. ನಂಬಿಕಸ್ತ ಗ್ಯಾರೇಜಿನವರನ್ನು ಕೇಳಿ, ಇದ್ದಲ್ಲಿಗೇ ಬಂದು ಮಾಡಿಕೊಡುವವರನ್ನು ಕರೆಸಿ, ಒಟ್ಟು ಖರ್ಚು ಮೊದಲೇ ಮಾತಾಡಿ. ಕಾಗದ ಕೇಳಿದರೆ ಸಿಟ್ಟಾಗಬೇಡಿ, ಕೇಳದಿದ್ದರೆ ಹೆದರಿ. ಹಳೆಯ ಕೀ ಯಾರ ಹತ್ತಿರ ಇರಬಹುದು ಅನ್ನುವುದನ್ನು ಸಂಕೋಚವಿಲ್ಲದೆ ಹೇಳಿ.

ಇನ್ನು ಕೊನೆಯ ಮಾತು ಟೈಲರ್ ಹೇಳಿಕಳಿಸಿದ್ದು. ಸಿಟ್ಟಿನಲ್ಲಿ ಮನೆ ಬಿಟ್ಟುಬಂದು, ಯಾವುದೋ ಊರಿನಲ್ಲಿ, ಜೇಬಿನಲ್ಲಿ ಇನ್ನೂ ಮನೆಯ ಕಾರಿನ ಕೀ ಇಟ್ಟುಕೊಂಡು ಓಡಾಡುತ್ತಿರುವ ಯಾರಾದರೂ ಇದನ್ನು ಕೇಳುತ್ತಿದ್ದರೆ, ನಿನಗೇ ಹೇಳುತ್ತಿರುವುದು. ಬಾಗಿಲು ತೆರೆಯುತ್ತದೆ. ಇಂಜಿನ್ ಸ್ಟಾರ್ಟ್ ಆಗದಿದ್ದರೆ ಒಳಗೆ ಬಂದು ಕೇಳು, ಯಾರೂ ಬೈಯುವುದಿಲ್ಲ.