ಐದಕ್ಕೆ ನಾಲ್ಕು

ಸಾಫ್ಟ್‌ವೇರ್ ಕಂಪನಿಯ ತರಬೇತಿಯ ಪರೀಕ್ಷೆಯಲ್ಲಿ ಜನ ಬೀಳುವುದು ಸಾಮಾನ್ಯವಾಗಿ ಕಂಪ್ಯೂಟರಿನ ಮುಂದೆ. ಸತ್ಯವೇಣಿ ಬಿದ್ದದ್ದು ಫೋನಿನ ಮುಂದೆ, ಅದೂ ಒಂದೇ ಒಂದು ಮಾತು ಬಾಯಿಂದ ಹೊರಡದೆ. ಆ ಮಾತು ‘ಇಲ್ಲ’.

ಹೈದರಾಬಾದಿನ ಹೊರಗೆ, ವರಂಗಲ್ ರಸ್ತೆಯಲ್ಲಿ, ಬಂಡೆ ಒಡೆದು ಕಟ್ಟಿದ ಆ ತರಬೇತಿ ಕೇಂದ್ರಕ್ಕೆ ಬಂದಾಗಿನಿಂದ ಅವಳು ಯಾವುದರಲ್ಲೂ ಹಿಂದೆ ಬಿದ್ದವಳಲ್ಲ. ಓದಿದ್ದು ಸಿವಿಲ್ ಎಂಜಿನಿಯರಿಂಗ್. ಕಾಂಕ್ರೀಟಿಗೆ ಎಷ್ಟು ಜಲ್ಲಿ ಎಂದು ಕಲಿತವಳನ್ನು ಕರೆತಂದು ಪ್ರೋಗ್ರಾಂ ಬರೆಯಮ್ಮ ಅಂದರೆ ಯಾರಾದರೂ ಹೆದರುತ್ತಾರೆ. ಇವಳೂ ಹೆದರಿದಳು, ಒಂದು ಸಂಜೆ ಅತ್ತಳು, ಆಮೇಲೆ ಕೂತು ಕಲಿತಳು. ಜಾವಾ ಪಾಸಾದಳು, ಡೇಟಾಬೇಸ್ ಪಾಸಾದಳು. ಉಳಿದದ್ದು ಎಲ್ಲರೂ ‘ಪುಕ್ಕಟೆ ಅಂಕ’ ಎಂದು ಕರೆಯುತ್ತಿದ್ದ ಕೊನೆಯ ಪರೀಕ್ಷೆ. ಅಮೆರಿಕದ ಗಿರಾಕಿಯೊಬ್ಬ ಫೋನಿನಲ್ಲಿ ಆಗದ ಕೆಲಸ ಕೇಳುತ್ತಾನೆ. ಅವನಿಗೆ ಸಿಟ್ಟು ಬಾರದ ಹಾಗೆ, ಆದರೆ ಖಡಾಖಂಡಿತವಾಗಿ, ಆಗುವುದಿಲ್ಲ ಅನ್ನಬೇಕು. ಅಷ್ಟೇ.

ಗಿರಾಕಿ ನಿಜವಾದವನಲ್ಲ. ಲಾಲಾಗುಡದ ರೈಲ್ವೆ ವರ್ಕ್‌ಶಾಪಿನಿಂದ ನಿವೃತ್ತನಾದ ಟೆರೆನ್ಸ್ ವಾಟ್ಕಿನ್ಸ್ ಎಂಬ ಆಂಗ್ಲೋ-ಇಂಡಿಯನ್ ಮುದುಕ ಪಕ್ಕದ ಕೋಣೆಯಲ್ಲಿ ಕೂತು, ಗಂಟಲಿಗೊಂದು ಪೆಪ್ಪರಮಿಂಟು ಹಾಕಿಕೊಂಡು, ‘ಮಿಸ್ಟರ್ ಬ್ರೌನ್’ ಆಗುತ್ತಿದ್ದ. ನೂರರಲ್ಲಿ ಅರ್ಧ ಅಂಕ ಅವನ ಕೈಯಲ್ಲಿ, ಇನ್ನರ್ಧ ಮಾತುಗಾರಿಕೆ ಕಲಿಸುವ ಟ್ರೈನರ್ ಪಾಣಿಗ್ರಾಹಿಯ ಕೈಯಲ್ಲಿ.

“ಇದು ಮೂರು ತಿಂಗಳ ಕೆಲಸ, ಗೊತ್ತು. ನನಗೆ ಮೂರು ವಾರದಲ್ಲಿ ಬೇಕು,” ಎಂದ ಮಿಸ್ಟರ್ ಬ್ರೌನ್.

“ಆಯ್ತು ಸರ್,” ಎಂದಳು ಸತ್ಯವೇಣಿ.

ವಾಟ್ಕಿನ್ಸ್ ಆಡಬೇಕಾದ ಮಾತುಗಳ ಹಾಳೆಯಲ್ಲಿ, ಒಪ್ಪಿಕೊಂಡವರಿಗೆ ಏನನ್ನಬೇಕೆಂದು ಬರೆದಿರಲಿಲ್ಲ. ಇಷ್ಟು ವರ್ಷದಲ್ಲಿ ಯಾರೂ ಮೊದಲ ಏಟಿಗೇ ಒಪ್ಪಿಕೊಂಡಿರಲಿಲ್ಲ. ಕಡೇ ಪಕ್ಷ ಒಂದು ಸಲ ಕೆಮ್ಮುತ್ತಿದ್ದರು. ಅವನು ಸ್ವಂತವಾಗಿ ಮಾತು ಕಟ್ಟತೊಡಗಿದ.

“ಹಿಂದಿನ ಕಂಪನಿ ಕೆಡಿಸಿಟ್ಟಿದ್ದನ್ನೂ ನೀವೇ ಸರಿ ಮಾಡ್ಬೇಕು.”

“ಮಾಡೋಣ ಸರ್.”

“ಅದಕ್ಕೆ ದುಡ್ಡು ಕೊಡಲ್ಲ.”

“ಪರವಾಗಿಲ್ಲ ಸರ್.”

“ಭಾನುವಾರಾನೂ ಫೋನ್ ಮಾಡ್ತೀನಿ!”

“ಮಾಡಿ ಸರ್, ಎದ್ದೇ ಇರ್ತೀವಿ. ನಿಮ್ಮದು ಊಟ ಆಯ್ತಾ?”

ಪಾಣಿಗ್ರಾಹಿ ತಲೆಯ ಮೇಲೆ ಕೈಹೊತ್ತು ಕೂತ. “ಅಮ್ಮಾ ತಾಯಿ,” ಎಂದ, “ಇನ್ನೆರಡು ನಿಮಿಷ ಬಿಟ್ಟಿದ್ರೆ ಕಂಪನೀನೇ ಅವನ ಹೆಸರಿಗೆ ಬರೆದುಕೊಡ್ತಿದ್ದೆ. ಫೇಲು. ಶುಕ್ರವಾರ ಇನ್ನೊಂದು ಸಲ. ಅಲ್ಲೂ ಬಿದ್ರೆ ಪೆಟ್ಟಿಗೆ ಕಟ್ಟು.”

ಪೆಟ್ಟಿಗೆ ಕಟ್ಟುವುದು ಬರೀ ಮಾತಾಗಿರಲಿಲ್ಲ. ಎರಡು ಸಲ ಬಿದ್ದವರ ಕೊರಳಿನ ಗುರುತಿನ ಕಾರ್ಡನ್ನು ಗೇಟಿನಲ್ಲೇ ಬಿಚ್ಚಿಸಿಕೊಂಡು ಬಸ್ಸು ಹತ್ತಿಸುತ್ತಿದ್ದರು. ಗೋದಾವರಿ ದಡದ ರಾವುಲಪಾಲೆಂನಲ್ಲಿ ಟಿಫಿನ್ ಹೋಟೆಲು ನಡೆಸುವ ಅವಳ ಅಪ್ಪ ಕೆಲಸ ಸಿಕ್ಕ ದಿನ ಬೀದಿಗೆಲ್ಲ ಪೂತರೇಕು ಎಂಬ ತೆಳುಹಾಳೆಯ ಸಿಹಿ ಹಂಚಿದ್ದ. ತಿಂದವರ ಬಾಯಿಗೆ ಈಗ ಏನು ಉತ್ತರ ಕೊಡುವುದು?

ತಪ್ಪು ಅವಳದಲ್ಲ, ಅವಳನ್ನು ಬೆಳೆಸಿದ ಊರಿನದು ಅನ್ನಬೇಕು. ಗೋದಾವರಿ ಕಡೆಯ ಮರ್ಯಾದೆ ಎಂದರೆ ಉಂಡವನು ಎರಡೂ ಕೈ ಅಡ್ಡ ಹಿಡಿದರೂ ಬೆರಳ ಸಂದಿಯಿಂದ ತುಪ್ಪ ಸುರಿಯುವ ಮರ್ಯಾದೆ. ಇವರ ಮನೆಯಲ್ಲಿ ಅಕ್ಕಿ ಮುಗಿದರೂ ‘ಅಕ್ಕಿ ಇಲ್ಲ’ ಅನ್ನುವಂತಿಲ್ಲ, ‘ಅಕ್ಕಿ ತುಂಬಿದೆ’ ಅನ್ನಬೇಕು. ಆ ಹಾಳು ಮಾತನ್ನು ನಾಲಿಗೆಯ ಮೇಲೆ ತಂದರೆ ಲಕ್ಷ್ಮಿ ಮುನಿಯುತ್ತಾಳೆ ಎಂದು ಅಜ್ಜಿ ಬೆದರಿಸಿಟ್ಟಿದ್ದಳು. ಸತ್ಯವೇಣಿ ಅಪ್ಪನಿಗೇ ಫೋನು ಮಾಡಿ, “ಇಡ್ಲಿ ಖಾಲಿಯಾದಾಗ ಗಿರಾಕಿಗೆ ಏನಂತೀಯಪ್ಪ?” ಎಂದು ಕೇಳಿದಳು.

“ಕೂತ್ಕೊಳ್ಳಿ ಅಂತೀನಿ. ನೀರು ಕೊಡ್ತೀನಿ. ಮಗಳ ಮದುವೆ ಎಲ್ಲಿಗೆ ಬಂತು ಅಂತ ವಿಚಾರಿಸ್ತೀನಿ. ಅಷ್ಟ್ರಲ್ಲಿ ನಿಮ್ಮಮ್ಮ ಉಪ್ಪಿಟ್ಟು ಮಾಡಿರ್ತಾಳೆ. ಯಾಕಮ್ಮ?”

“ಸುಮ್ನೆ ಕೇಳ್ದೆ,” ಎಂದು ಇಟ್ಟಳು.

ಅವಳ ಕೋಣೆಯ ಜೊತೆಗಾತಿ ಜನಗಾಮದ ಸಮ್ಮಕ್ಕ. ತೆಲಂಗಾಣದ ಹುಡುಗಿ, ಮಾತು ಎದುರಿದ್ದವರ ಹಣೆಗೇ ಬಡಿಯಬೇಕು. ಪರೀಕ್ಷೆಯಲ್ಲಿ ಮಿಸ್ಟರ್ ಬ್ರೌನನಿಗೆ ಅವಳು “ಆಗಂಗಿಲ್ಲ, ಬೇರೆ ಕಡೆ ನೋಡ್ಕೋ” ಎಂಬರ್ಥದ ಇಂಗ್ಲಿಷು ಬಿಟ್ಟು, ಸ್ವಲ್ಪ ಒರಟಾಯಿತೆಂದು ಅಂಕ ಕಳೆದುಕೊಂಡರೂ ಪಾಸಾಗಿದ್ದಳು. ಸ್ನೇಹಿತೆಯನ್ನು ಉದ್ಧಾರ ಮಾಡಲು ಟೊಂಕ ಕಟ್ಟಿದಳು.

“ಇಲ್ಲಂತ ಅನ್ನಾಕ ನಿನ್ನ ಗಂಟೇನ ಹೋಗ್ತದ? ನೋಡು, ನಾ ಕೇಳ್ತೀನಿ, ನೀ ಕೊಡಂಗಿಲ್ಲ ಅನ್ಬೇಕು. ನಿನ್ನ ಬಕೆಟ್ ಕೊಡು.”

“ತಗೋ.”

“ಏ ಹುಚ್ಚಿ! ಕೊಡಂಗಿಲ್ಲ ಅನ್ನು!”

“ಪಾಪ, ನಿನಗೆ ಬೇಕಲ್ವೇನೇ?”

“ನಂಗ್ ಬ್ಯಾಡ! ನಂದು ಐತಿ!”

“ಮತ್ತೆ ಯಾಕೆ ಕೇಳ್ದೆ?”

ಸಮ್ಮಕ್ಕ ಗೋಡೆಗೆ ಹಣೆ ಚಚ್ಚಿಕೊಂಡಳು. ಸುದ್ದಿ ಹಾಸ್ಟೆಲಿಗೆಲ್ಲ ಹಬ್ಬಿತು. ‘ಅಭ್ಯಾಸ ಮಾಡಿಸೋಕೆ ಬಂದೆ’ ಎಂದು ಒಬ್ಬೊಬ್ಬರೇ ಬಾಗಿಲು ತಟ್ಟತೊಡಗಿದರು. ಬಕೆಟ್ಟು ಹೋಯಿತು, ಇಸ್ತ್ರಿಪೆಟ್ಟಿಗೆ ಹೋಯಿತು, ಛತ್ರಿ ಹೋಯಿತು, ಹಾಸಿಗೆಯ ಮೇಲಿನ ಹೊದಿಕೆಯೂ ಹೋಯಿತು. ಒಬ್ಬಳು ತಲೆಗೆ ಹಾಕಿದ್ದ ಕ್ಲಿಪ್ಪನ್ನೇ ಬಿಡಿಸಿಕೊಂಡು ಹೋದಳು. ಸಮ್ಮಕ್ಕ ಊಟ ಮುಗಿಸಿ ಬರುವಷ್ಟರಲ್ಲಿ ಸತ್ಯವೇಣಿ ಕೂದಲು ಕೆದರಿಕೊಂಡು ಬರೀ ಮಂಚದ ಮೇಲೆ ಕೂತಿದ್ದಳು.

“ಒಬ್ಬಳಿಗಾದ್ರೂ ಇಲ್ಲ ಅಂದ್ಯಾ?”

“ಚಾರ್ಜರ್ ಕೇಳಿದವಳಿಗೆ ‘ತುಂಬಿದೆ’ ಅಂದೆ.”

“ಆಮ್ಯಾಲ?”

“ತುಂಬಿದ್ರೆ ಒಳ್ಳೇದಾಯ್ತು ಅಂತ ತಗೊಂಡು ಹೋದ್ಲು.”

ಸಮ್ಮಕ್ಕ ಸೊಂಟಕ್ಕೆ ವೇಲು ಸಿಕ್ಕಿಸಿಕೊಂಡು ಕೋಣೆ ಕೋಣೆಗೂ ನುಗ್ಗಿ, ಬೈದು, ಜಗಳವಾಡಿ, ಎಲ್ಲವನ್ನೂ ಹೊತ್ತು ತಂದಳು. ತನ್ನದಲ್ಲದ ಎರಡು ಮಗ್ಗುಗಳೂ ಆ ರಭಸದಲ್ಲಿ ಬಂದವು.

ಈ ಗಟ್ಟಿಗಿತ್ತಿ ಅತ್ತದ್ದನ್ನು ನೋಡಿದವಳು ಸತ್ಯವೇಣಿ ಒಬ್ಬಳೇ. ತರಬೇತಿಯ ಶುರುವಿನಲ್ಲಿ ಪಾಣಿಗ್ರಾಹಿ ಸಮ್ಮಕ್ಕನನ್ನು ತರಗತಿಯ ಮುಂದೆ ನಿಲ್ಲಿಸಿ, ಅವಳ ಹಳ್ಳಿ ಇಂಗ್ಲಿಷನ್ನು ಅವಳ ಧ್ವನಿಯಲ್ಲೇ ಆಡಿ ತೋರಿಸಿದ್ದ. ಇಡೀ ತರಗತಿ ಬಿದ್ದು ಬಿದ್ದು ನಕ್ಕಿತು. ಸಮ್ಮಕ್ಕನೂ ನಕ್ಕಳು. ಆಮೇಲೆ ಬಚ್ಚಲಿಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟುಕೊಂಡು ಬಹಳ ಹೊತ್ತು ಹೊರಗೆ ಬರಲಿಲ್ಲ. ಸತ್ಯವೇಣಿ ಟವೆಲು ಹಿಡಿದು ಬಾಗಿಲ ಹೊರಗೆ ನಿಂತಿದ್ದಳು.

ಶುಕ್ರವಾರ ಬಂತು. ಸತ್ಯವೇಣಿ ಈ ಸಲ ನಿಜವಾಗಿ ಹೋರಾಡಿದಳು. ಮೂರು ವಾರದಲ್ಲಿ ಬೇಕು ಎಂದದ್ದಕ್ಕೆ “ಕಷ್ಟ ಸರ್” ಎಂದಳು. ಮಿಸ್ಟರ್ ಬ್ರೌನ್ ಗದರಿದ. “ತುಂಬಾ ಕಷ್ಟ ಸರ್” ಎಂದಳು. ಪಾಣಿಗ್ರಾಹಿಯ ಹುಬ್ಬು ಮೇಲೇರಿತು. ಆಗ ವಾಟ್ಕಿನ್ಸ್ ಹಾಳೆಯ ಕೊನೆಯ ಸಾಲಿಗೆ ಬಂದ. “ಈ ಕೆಲಸ ಆಗ್ಲಿಲ್ಲ ಅಂದ್ರೆ ನನ್ನನ್ನ ಮನೆಗೆ ಕಳಿಸ್ತಾರಮ್ಮ,” ಎಂದು ದನಿ ನಡುಗಿಸಿದ. ವರ್ಕ್‌ಶಾಪಿನ ಕ್ರಿಸ್‌ಮಸ್ ನಾಟಕಗಳಲ್ಲಿ ಪಳಗಿದ ದನಿ.

ಮನೆಗೆ ಕಳಿಸುವುದೆಂದರೆ ಏನೆಂದು ಸತ್ಯವೇಣಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? “ಅಳಬೇಡಿ ಸರ್,” ಎಂದುಬಿಟ್ಟಳು, “ನಾವು ಹೇಗಾದ್ರೂ ಮಾಡಿ ಮುಗಿಸ್ತೀವಿ.”

ಪಾಣಿಗ್ರಾಹಿ ಅವಳನ್ನು ತನ್ನ ಕೋಣೆಗೆ ಕರೆದ. ಮೂಲೆಯ ಕುರ್ಚಿಯಲ್ಲಿ ವಾಟ್ಕಿನ್ಸ್ ಚಹಾ ಕುಡಿಯುತ್ತ ಕೂತಿದ್ದ. ಅರವತ್ತೈದು ಬೇಕಾದಲ್ಲಿ ಅವಳಿಗೆ ಬಂದದ್ದು ಅರವತ್ತಮೂರು.

“ಎರಡು ಅಂಕ,” ಎಂದ ಪಾಣಿಗ್ರಾಹಿ, ದನಿ ಮೆತ್ತಗೆ ಮಾಡಿ. “ಎರಡು ಅಂಕಕ್ಕೆ ಒಂದು ಹುಡುಗಿಯ ಜೀವನ ಹಾಳು ಮಾಡೋಕೆ ನನಗೇನು ಹುಚ್ಚಾ? ನಾನು ಸೇರಿಸ್ತೀನಿ. ಕೂತ್ಕೋ. ಅಂದಹಾಗೆ, ನಾಳೆ ನೀವೆಲ್ಲ ನನಗೆ ಅಂಕ ಕೊಡೋ ದಿನ ಅಲ್ವಾ?”

ತರಬೇತಿ ಮುಗಿಯುವಾಗ ಮಕ್ಕಳು ಟ್ರೈನರ್‌ಗೆ ಐದಕ್ಕೆ ಇಷ್ಟು ಎಂದು ಅಂಕ ಕೊಡುವುದು ಅಲ್ಲಿಯ ಪದ್ಧತಿ. ಸರಾಸರಿ ನಾಲ್ಕು ಮುಟ್ಟದ ಟ್ರೈನರ್‌ಗೆ ಉಳಿಗಾಲವಿಲ್ಲ. ಅದಕ್ಕೇ ಪಾಣಿಗ್ರಾಹಿ ವಾರವಿಡೀ ಕಾರಿಡಾರಿನಲ್ಲಿ, ಊಟದ ಸಾಲಿನಲ್ಲಿ, ಲಿಫ್ಟಿನ ಬಾಗಿಲಲ್ಲಿ ಒಬ್ಬೊಬ್ಬರನ್ನೇ ಹಿಡಿದು ಕೇಳುತ್ತಿದ್ದ. ಎಲ್ಲರೂ ಹಲ್ಲು ಬಿಟ್ಟು “ಖಂಡಿತ ಸರ್, ಐದಕ್ಕೆ ಐದು” ಎಂದಿದ್ದರು. ಸಮ್ಮಕ್ಕನನ್ನು ಮಾತ್ರ ಅವನು ಕೇಳುವ ಧೈರ್ಯ ಮಾಡಿರಲಿಲ್ಲ.

“ನೀನೂ ಐದು ಕೊಡ್ತೀಯಲ್ಲ?” ಎಂದು ಪೆನ್ನಿನ ಮುಚ್ಚಳ ತೆಗೆದ.

‘ಖಂಡಿತ ಸರ್’ ಎಂಬ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಹುಟ್ಟಿದಾಗಿನಿಂದ ಅವಳು ಆಡುತ್ತ ಬಂದ ಮಾತು ಅದೊಂದೇ. ಆದರೆ ಐದು ಎಂದು ಯೋಚಿಸಿದ ಕೂಡಲೇ ಬಚ್ಚಲಿನ ನಲ್ಲಿ ಸುರಿಯುವ ಸದ್ದು ಕಿವಿಗೆ ಬಿತ್ತು. ಅವಳಿಗೆ ಸಿಟ್ಟು ಬಂತು. ಸಿಟ್ಟು ಬಂದದ್ದು ಅವಳಿಗೇ ಆಶ್ಚರ್ಯ.

“ಇಲ್ಲ ಸರ್,” ಎಂದಳು.

ಪಾಣಿಗ್ರಾಹಿಯ ಪೆನ್ನು ನಿಂತಿತು. ಮೂಲೆಯಲ್ಲಿ ಚಹಾ ಹೀರುವ ಸದ್ದೂ ನಿಂತಿತು.

“ಏನಂದೆ?”

“ಇಲ್ಲ ಅಂದೆ ಸರ್.” ಎರಡನೆಯ ಸಲ ಅಷ್ಟು ಕಷ್ಟವಾಗಲಿಲ್ಲ. “ನೀವು ಪಾಠ ಚೆನ್ನಾಗಿ ಮಾಡ್ತೀರ, ಅದಕ್ಕೆ ಋಣಿ. ಆದರೆ ಸಮ್ಮಕ್ಕನ್ನ ಎಲ್ಲರ ಮುಂದೆ ನಿಲ್ಲಿಸಿ ಆಡಿಕೊಂಡ್ರಿ. ಅದಕ್ಕೆ ಐದು ಕೊಡೋಕಾಗಲ್ಲ. ನಾಲ್ಕು ಕೊಡ್ತೀನಿ.”

“ನಿನ್ನ ಎರಡು ಅಂಕ ನನ್ನ ಕೈಲಿದೆ, ನೆನಪಿರ್ಲಿ!”

“ನೆನಪಿದೆ ಸರ್.” ವೇಲು ಸರಿಮಾಡಿಕೊಂಡಳು. “ನಾಲ್ಕೇ.”

ಗದರಿಕೆ ನಾಟದಿದ್ದಾಗ ಪಾಣಿಗ್ರಾಹಿ ರಾಗ ಬದಲಿಸಿದ. “ನನಗೂ ಹೆಂಡತಿ ಮಕ್ಕಳಿದ್ದಾರಮ್ಮ. ಮೊನ್ನೆ ತಾನೇ ಉಪ್ಪಲ್‌ನಲ್ಲಿ ಮನೆ ಮಾಡಿದೀನಿ. ಸರಾಸರಿ ಬಿದ್ರೆ ನನ್ನನ್ನ...”

“ಕಷ್ಟ ಅರ್ಥ ಆಗುತ್ತೆ ಸರ್. ಐದು ಆಗಲ್ಲ. ಬೇರೆ ಒಂದು ದಾರಿ ಇದೆ. ನೀವು ಸಮ್ಮಕ್ಕನ್ನ ಕ್ಷಮೆ ಕೇಳಿದ್ರೆ ಆವಾಗ ಐದರ ಬಗ್ಗೆ ಮಾತಾಡೋಣ.”

ಮೂಲೆಯಿಂದ ಫಕ್ಕನೆ ನಗು ಸಿಡಿಯಿತು. ವಾಟ್ಕಿನ್ಸನ ಬಾಯಿಂದ ಪೆಪ್ಪರಮಿಂಟು ಹಾರಿ ಚಹಾದ ಕಪ್ಪಿಗೆ ಬಿತ್ತು. “ಪಾಣಿಗ್ರಾಹಿ! ಮೊದಲು ಕೃತಜ್ಞತೆ, ಆಮೇಲೆ ಕಾರಣ, ಆಮೇಲೆ ಬೇರೆ ದಾರಿ. ಆರು ವಾರದಿಂದ ನೀನು ಬೋರ್ಡಿನ ಮೇಲೆ ಬರೀತಿದ್ದದ್ದು ಇದೇ ಅಲ್ವೇನಯ್ಯಾ? ನನ್ನ ಮಿಸ್ಟರ್ ಬ್ರೌನ್ ಕೂಡ ಇಷ್ಟು ಚೆನ್ನಾಗಿ ಗೋಳಾಡಲ್ಲ. ಅದಕ್ಕೂ ಬಗ್ಗಲಿಲ್ಲ ಹುಡುಗಿ.”

“ಇದು ಪರೀಕ್ಷೆ ಅಲ್ಲ ಟೆರಿ, ನೀನು ಸುಮ್ನಿರು.”

“ಗಿರಾಕಿ ಕಡೆಯ ಅಂಕ ನನ್ನದು. ಸುಮ್ನಿರಲ್ಲ. ಕೊಡು ಇಲ್ಲಿ ಪೆನ್ನು.”

ಮುದುಕ ಎದ್ದು ಬಂದು ತನ್ನ ಅಂಕವನ್ನು ಹೊಡೆದು ಹಾಕಿ ಹೊಸದು ಬರೆದು, ಅದರ ಪಕ್ಕದಲ್ಲಿ ಉದ್ದಕ್ಕೆ ರುಜು ಎಳೆದ. ಒಟ್ಟು ಎಪ್ಪತ್ತೊಂದು. ಸತ್ಯವೇಣಿ ಪಾಸಾದಳು. ಖುಷಿಗೆ ಅವಳ ಬಾಯಿಗೆ ಬಂದದ್ದು “ಇನ್ನೊಂದು ಚಹಾ ತರಲಾ ಸರ್?” ಎಂಬ ಮಾತು. ವಾಟ್ಕಿನ್ಸ್ ಬಾಗಿಲ ಕಡೆ ಬೆರಳು ತೋರಿಸಿದ.

ಭಾನುವಾರ ಬೆಳಿಗ್ಗೆ ಎಲ್ಲರೂ ಕೆಲಸದ ಊರುಗಳಿಗೆ ಹೊರಟರು. ಸತ್ಯವೇಣಿಗೂ ಸಮ್ಮಕ್ಕನಿಗೂ ಚೆನ್ನೈ ಸಿಕ್ಕಿತ್ತು. ಬಸ್ಸು ಹೊರಡುವ ಹೊತ್ತಿಗೆ ಪಾಣಿಗ್ರಾಹಿ, ಕೊರಳಲ್ಲಿ ಟೈ ಇಲ್ಲದೆ, ಓಡುತ್ತ ಬಂದು ಕಿಟಕಿ ತಟ್ಟಿದ.

“ಸರಾಸರಿ ಎರಡು ಚಿಲ್ಲರೆ ಬಂತು,” ಎಂದ ಸತ್ಯವೇಣಿಗೆ. ಮುಖ ಸಪ್ಪಗಿತ್ತು, ಆದರೆ ಸಿಟ್ಟಿರಲಿಲ್ಲ. “ಖಂಡಿತ ಸರ್, ಐದು ಅಂದ ಮಹಾರಾಯರೆಲ್ಲ ಎರಡು, ಮೂರು ಒತ್ತಿದ್ದಾರೆ. ಇಡೀ ಬ್ಯಾಚಿನಲ್ಲಿ ನಾಲ್ಕು ಅಂತ ಇದ್ದದ್ದು ಒಂದೇ. ಅದಕ್ಕಿಂತ ಮೇಲೆ ಒಂದೂ ಇಲ್ಲ. ಕೊಡಲ್ಲ ಅಂದವಳೂ ನೀನೊಬ್ಬಳೇ, ಎಲ್ಲರಿಗಿಂತ ಜಾಸ್ತಿ ಕೊಟ್ಟವಳೂ ನೀನೊಬ್ಬಳೇ. ಕೆಲಸ ಹೇಗೋ ಉಳೀತು, ಆದ್ರೆ ನಾಳೆಯಿಂದ ನನಗೇ ಆರು ವಾರ ತರಬೇತಿ ಅಂತೆ.”

ಸತ್ಯವೇಣಿಗೆ ಪಾಪ ಅನ್ನಿಸಿತು. ನಿಜವಾಗಿ ಅನ್ನಿಸಿತು. ಐದು ಕೊಡಬೇಕಿತ್ತು ಎಂದು ಮಾತ್ರ ಅನ್ನಿಸಲಿಲ್ಲ.

ಪಾಣಿಗ್ರಾಹಿ ಪಕ್ಕದ ಸೀಟಿನ ಕಡೆ ತಿರುಗಿದ. “ಸಮ್ಮಕ್ಕ, ಅವತ್ತು ನಾನು ನಿನ್ನನ್ನ ಹಾಗೆ ಆಡಿಕೊಳ್ಳಬಾರದಿತ್ತಮ್ಮ. ತಪ್ಪಾಯ್ತು.”

ಸಮ್ಮಕ್ಕ ಈ ಗಳಿಗೆಗಾಗಿ ವಾರಗಟ್ಟಲೆ ಬೈಗುಳ ಕೂಡಿಟ್ಟಿದ್ದಳು. ಬಾಯಿ ತೆರೆದಳು. “ಇರ್ಲಿ ಬಿಡ್ರಿ ಸರ್, ಅದಕ್ಕೇನ್,” ಎಂದಳು.

ಬಸ್ಸು ಗೇಟು ದಾಟಿತು. ಸಮ್ಮಕ್ಕ ತನ್ನ ಕೆನ್ನೆಗೆ ತಾನೇ ಹೊಡೆದುಕೊಂಡಳು. “ಅದಕ್ಕೇನ್ ಅಂದೆನಲ್ಲೇ! ಉಗೀಬೇಕಂತ ಇದ್ದೆ. ಹಾಳಾದ್ದು ಬಾಯಿಗೇ ಬರ್ಲಿಲ್ಲ. ಎಲ್ಲ ನಿನ್ನ ಸಹವಾಸ.” ಕಣ್ಣೊರೆಸಿಕೊಂಡು, ಸತ್ಯವೇಣಿಯ ತೊಡೆಯ ಮೇಲಿದ್ದ, ಅಪ್ಪ ಊರಿಂದ ಕಳಿಸಿದ್ದ ಡಬ್ಬಿಯ ಕಡೆ ಕೈ ಚಾಚಿದಳು. “ಪೂತರೇಕು ಉಳಿದಾವೇನು? ಕೊಡು.”

“ಎರಡೇ ಇದೆ,” ಎಂದಳು ಸತ್ಯವೇಣಿ. “ಕೊಡಲ್ಲ.”

ಸಮ್ಮಕ್ಕ ಬಾಯಿ ಬಿಟ್ಟುಕೊಂಡು ಅವಳನ್ನೇ ನೋಡಿದಳು. ಆಮೇಲೆ ಬಸ್ಸಿನವರೆಲ್ಲ ತಿರುಗಿ ನೋಡುವಂತೆ ಚಪ್ಪಾಳೆ ಹೊಡೆದಳು. ಸತ್ಯವೇಣಿ ಡಬ್ಬಿಯನ್ನು ಎದೆಗವಚಿಕೊಂಡು ಕಿಟಕಿಯ ಹೊರಗೆ ನೋಡುತ್ತ ಕೂತಳು. ಘಟಕೇಸರ ದಾಟಿದ ಮೇಲೆ, ಯಾರೂ ಕೇಳದೆಯೇ ಡಬ್ಬಿ ತೆರೆದು ಒಂದನ್ನು ಸಮ್ಮಕ್ಕನ ಕೈಗಿಟ್ಟಳು.