ಮೊದಲ ಏಳು ದಿನ

ಉದ್ದನೆಯ ಮೇಜಿನ ಮೇಲೆ ಮಾತ್ರೆ ಡಬ್ಬಿಯೊಳಗೆ ಇಡುವ ಸೂಚನಾ ಚೀಟಿಗಳು ರಾಶಿ ಬಿದ್ದಿದ್ದವು. ಸೊಸೆ ಒಂದೊಂದನ್ನೇ ಎತ್ತಿ, ನಾಲ್ಕಾಗಿ ಮಡಿಸಿ, ಉಗುರಿನಿಂದ ತೀಡಿ ಪಕ್ಕಕ್ಕಿಡುತ್ತಿದ್ದಳು. ಎದುರಿಗೆ ಕೂತ ಅತ್ತೆಯೂ ಅದನ್ನೇ ಮಾಡುತ್ತಿದ್ದಳು. ಗೋಡೆಯಾಚೆ ಗಂಡ ಅಚ್ಚಿನ ಯಂತ್ರಕ್ಕೆ ಮಸಿ ತುಂಬುತ್ತಿದ್ದ.

ಮುಟ್ಟಾಗಬೇಕಾದ ದಿನ ಕಳೆದು ಹನ್ನೊಂದು ದಿನವಾಗಿತ್ತು. ಗರ್ಭ ನಿಲ್ಲದಿರಲೆಂದು ವಂಕಿ ಹಾಕಿಸಿಕೊಂಡು ಮೂರು ವರ್ಷ ವಿಪರೀತ ಸ್ರಾವ, ಸೊಂಟನೋವು ಅನುಭವಿಸಿ, ಹೋದ ತಿಂಗಳಷ್ಟೇ ಅದನ್ನು ತೆಗೆಸಿ ಗರ್ಭನಿರೋಧಕ ಮಾತ್ರೆ ಶುರುಮಾಡಿದ್ದಳು. ಎರಡನೇ ಹೆರಿಗೆಯಲ್ಲೇ ಡಾಕ್ಟರಮ್ಮ, “ಇನ್ನೊಂದಾದರೆ ನಿನ್ನ ಜೀವಕ್ಕೆ ಅಪಾಯ” ಎಂದಿದ್ದರು.

“ಮಾತ್ರೆ ಮರ್ತಿರ್ತೀಯ,” ಅತ್ತೆ ಅಂದಳು. “ನಿನ್ನ ತಲೆ ಎಲ್ಲಿರುತ್ತೋ!”

“ಒಂದು ದಿನಾನೂ ಮರ್ತಿಲ್ಲ ಅತ್ತೆ.”

“ಹಾಗಾದ್ರೆ ಗಾಳಿಗೆ ಬಂತಾ?”

ಬೇರೆ ದಿನವಾಗಿದ್ದರೆ ಅವಳು ಆ ಮಾತನ್ನು ನುಂಗಿಕೊಳ್ಳುತ್ತಿದ್ದಳು. ಇವತ್ತು ಮಡಿಸಿದ ಚೀಟಿಯೊಂದನ್ನು ಬಿಡಿಸಿಕೊಂಡು ಗಂಡನ ಬಳಿಗೆ ಹೋದಳು. ಅತ್ತೆಯೂ ಹಿಂದೆಯೇ ಬಂದಳು.

“ರೀ, ಇದನ್ನ ಓದಿ. ನಾನು ನುಂಗೋ ಮಾತ್ರೆದೇ ಚೀಟಿ. ನೀವೇ ಅಚ್ಚು ಹಾಕಿದ್ದು.”

“ಕೈಯೆಲ್ಲ ಮಸಿ ಕಣೇ.”

“ನಾನೇ ಓದ್ತೀನಿ ಬಿಡಿ.” ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು ಸಾಲಿನ ಮೇಲೆ ಬೆರಳಿಟ್ಟು ಓದಿದಳು: “ಬೇರೆ ವಿಧಾನದಿಂದ ಮಾತ್ರೆಗೆ ಬದಲಾದವರು ಮೊದಲ ಏಳು ದಿನ ಕಾಂಡೋಮ್ ಬಳಸತಕ್ಕದ್ದು.” ತಲೆಯೆತ್ತಿದಳು. “ಮೂರನೇ ದಿನ ನಿಮಗೆ ಇದನ್ನೇ ಹೇಳ್ದೆ. ಕಾಗದದಲ್ಲಿ ಸಾವಿರ ಬರೀತಾರೆ ಅಂದ್ರಿ.”

“ಅಮ್ಮನ ಮುಂದೆ ಇದೆಲ್ಲ ಬೇಕಾ?”

“ಬೈಸ್ಕೊಂಡಿದ್ದೂ ಅಮ್ಮನ ಹತ್ರಾನೇ ಅಲ್ವಾ?”

ಅತ್ತೆ ಮಗನನ್ನು ದುರುಗುಟ್ಟಿ ನೋಡಿದಳು. “ಹೇಳಿದ್ಲೇನೋ?”

“ಹೇಳಿದ್ಲು...”

“ಮತ್ತೆ ಇಷ್ಟು ದಿನ ನಾನು ಇವಳನ್ನ ಯಾಕೋ ಬೈತಿದ್ದೆ?”

ಸೊಸೆ ಬೆಳಗ್ಗೆಯೇ ತಂದಿಟ್ಟಿದ್ದ ಗರ್ಭ ಪರೀಕ್ಷೆಯ ಪಟ್ಟಿ ಹಿಡಿದು ಬಚ್ಚಲಿಗೆ ಹೋದಳು. ಅವಳು ಬರುವವರೆಗೆ ಯಂತ್ರ ತಿರುಗಲಿಲ್ಲ. ಬಂದವಳು ಪಟ್ಟಿಯನ್ನು ಸೆರಗಲ್ಲಿ ಮುಚ್ಚದೆ, ಇಬ್ಬರಿಗೂ ಕಾಣುವಂತೆ ಹಿಡಿದಳು. ಒಂದೇ ಗೆರೆ.

“ಬಸುರಿಲ್ಲ,” ಅಂದಳು. ಕಾಗದದ ಕಟ್ಟಿನ ಮೇಲೆ ಕೂತಳು.

“ಅಬ್ಬಾ! ಸುಮ್ನೆ ರಂಪ ಮಾಡ್ದೆ ನೋಡು,” ಗಂಡ ನಕ್ಕ. “ಮುಗೀತಲ್ಲ!”

“ನಿಮಗೆ ಮುಗೀತು. ನನಗೆ ನಾಳೆ ಮತ್ತೆ ಮಾತ್ರೆ, ಮತ್ತೆ ದಿನ ಎಣಿಸೋದು. ನನ್ನ ಕೈಲಾಗಲ್ಲ. ಮಕ್ಕಳಾಗದ ಹಾಗೆ ಆಪರೇಷನ್ ನೀವು ಮಾಡಿಸ್ಕೊಳ್ಳಿ.”

“ನಾನಾ? ಮೈಯಲ್ಲಿ ಕಸುವು ಹೋದ್ರೆ ಈ ಯಂತ್ರ ಯಾರು ನಡ್ಸ್ತಾರೆ?”

“ಕಸುವೇನೂ ಹೋಗಲ್ವಂತೆ. ನರ್ಸಮ್ಮನ್ನ ಕೇಳಿದೀನಿ, ಸ್ವಲ್ಪ ದಿನ ಭಾರ ಎತ್ತದಿದ್ರೆ ಸಾಕಂತೆ. ನಾನು ಹೊಟ್ಟೆ ಕೊಯ್ಸ್ಕೊಂಡು ಹೆತ್ತ ಹದಿನೈದನೇ ದಿನಕ್ಕೆ ಬಂದು ಚೀಟಿ ಮಡಿಸ್ಲಿಲ್ವಾ? ನನ್ನ ಕಸುವು ಯಾರು ಕೇಳಿದ್ರಿ?”

ಗಂಡ ತಾಯಿಯ ಕಡೆ ತಿರುಗಿದ.

“ನನ್ನ ಮುಖದಲ್ಲೇನಿದೆ?” ಅಂದಳು ಅತ್ತೆ. “ಅವಳ ಮುಖ ನೋಡಿ ಮಾತಾಡು.”

ಸೊಸೆ ಎದ್ದು ನಿಂತಳು. ಕಣ್ಣು ಅವನ ಮುಖ ಬಿಟ್ಟು ಕದಲಲಿಲ್ಲ.

“ಸೋಮವಾರ ಆಸ್ಪತ್ರೆಗೆ ನನ್ನ ಜೊತೆ ಬನ್ನಿ.”

ಅವನು ಮಸಿಯ ಕೈಯನ್ನು ಬಟ್ಟೆಗೆ ಒರೆಸುತ್ತಲೇ ಇದ್ದ.

“ಬನ್ನಿ,” ಅಂದಳು ಮತ್ತೆ.