ಖಾಲಿ ಹೊಟ್ಟೆ ಬೇಕಾಗಿದೆ

"ಇವನಿಗೆ ಉಪವಾಸ ಇರು ಅಂತ ಹೇಳೋದೇ ಬೇಡ. ಇವನ ಹೊಟ್ಟೆ ಯಾವಾಗ್ಲೂ ಖಾಲಿನೇ," ಎಂದು ಡಾಕ್ಟರ್ ಲೆಗಾಸ್ಪಿನೊ ನನ್ನ ಅಂಗಿ ಎತ್ತಿ ಹೊಟ್ಟೆ ತಟ್ಟಿದರು. ಅರಿವಳಿಕೆ ಕಲಿಯಲು ಬಂದ ಇಪ್ಪತ್ತು ಎಳೆ ಡಾಕ್ಟರುಗಳು ನಕ್ಕರು. ನಾನೂ ನಕ್ಕೆ. ಸೆಬು ನಗರದ ಈ ಆಸ್ಪತ್ರೆಯಲ್ಲಿ ಹದಿನಾಲ್ಕು ವರ್ಷದಿಂದ ಸ್ಟ್ರೆಚರ್ ತಳ್ಳುತ್ತಿದ್ದೇನೆ, ಎಲ್ಲಿ ನಗಬೇಕೆಂದು ಗೊತ್ತು.

ತುಂಬಿದ ಹೊಟ್ಟೆಯವನಿಗೆ ಅರಿವಳಿಕೆ ಕೊಟ್ಟರೆ ತಿಂದದ್ದು ಶ್ವಾಸಕೋಶಕ್ಕೆ ಇಳಿದು ಜೀವ ಹೋಗಬಹುದು. ಆದ್ದರಿಂದ ಮೊದಲು ಹೊಟ್ಟೆ ಸ್ಕ್ಯಾನ್ ಮಾಡಿ ನೋಡಬೇಕು. ಅದನ್ನು ಕಲಿಸಿ ಪರೀಕ್ಷೆ ಮಾಡಲು ವರ್ಷಕ್ಕೊಮ್ಮೆ ಒಬ್ಬ ಖಾಲಿ, ಒಬ್ಬ ತುಂಬಿದವ ಬೇಕು. ತುಂಬಿದವನು ಡಾಕ್ಟರ ಡ್ರೈವರ್ ಬೆರ್ತಿಂಗ್. ಅವನಿಗೆ ಬೆಳಿಗ್ಗೆಯೇ ಹುರಿದ ಹಂದಿ, ಅನ್ನ, ಎರಡು ಬಾಳೆಹಣ್ಣು. ಈ ಸಲ ನನ್ನನ್ನು ತುಂಬಿದವನ ಮಂಚಕ್ಕೆ ಹಾಕಿ ಎಂದು ಕೇಳಿದ್ದೆ. ನಿನ್ನಂಥ ಸಣಕಲರಲ್ಲಿ ಚಿತ್ರ ಬಲು ಚೆನ್ನಾಗಿ ಬರುತ್ತದೆ ಎಂದು ಹೊಗಳಿ, ಖಾಲಿ ಮಂಚಕ್ಕೇ ಹಾಕಿದರು.

ರಾತ್ರಿಯಿಂದ ಹನಿ ನೀರಿಲ್ಲ. ಹನ್ನೆರಡಕ್ಕೆ ಬಿಡುತ್ತೇವೆ ಎಂದವರು ಪರೀಕ್ಷೆ ಊಟದ ಮೇಲೆ ಎಂದು ಎದ್ದು ಹೋದರು. ನನಗೆ ಕಣ್ಣು ಕತ್ತಲೆಗಟ್ಟುತ್ತಿತ್ತು. ಆಗ ನೆಲ ಒರೆಸುವ ಗ್ಲೆಸೆರಿಯಾ ಬಂದಳು. ನಮಗೆಲ್ಲ ಅವಳು ನಾಂಗ್, ಅಂದರೆ ಅಕ್ಕ.

"ಇನ್ನೂ ಬಿದ್ದಿದೀಯೇನೋ ಪ್ರಿಮೊ? ಅಲ್ಲಿ ಆ ಬೋಳಿಮಕ್ಳು ಎರಡ್ನೇ ಸಲ ಬಡಿಸ್ಕೊಂತವ್ರೆ."

ತನ್ನ ಮಧ್ಯಾಹ್ನದ ಊಟಕ್ಕೆಂದು ತಂದ ಎರಡು ಪುಸೊಗಳನ್ನು ನನ್ನ ಎದೆಯ ಮೇಲಿಟ್ಟಳು. ತೆಂಗಿನ ಗರಿಯ ಪೊಟ್ಟಣದಲ್ಲಿ ಬೆಂದ ಅನ್ನ. ನಿನಗೆ ನಾಂಗ್, ಎಂದೆ.

"ಬಾಯ್ ಮುಚ್ಕೊಂಡು ತಿನ್ನು. ನಿನ್ ಹೊಟ್ಟೆ ಏನ್ ಅವ್ರಪ್ಪನ ಆಸ್ತಿನಾ?"

ಮಲಗಿಕೊಂಡೇ ತಿಂದೆ, ಬೆರಳೂ ನೆಕ್ಕಿದೆ. ಎಷ್ಟು ಸುಖವಾಯಿತೆಂದರೆ ಅಳು ಬಂತು.

ಮನಿಲಾದ ಪರೀಕ್ಷಕರು ತೇಗುತ್ತ ಬಂದು ಕುಳಿತರು. ಮೊದಲ ಹುಡುಗಿ ನನ್ನ ಹೊಟ್ಟೆಗೆ ತಣ್ಣನೆಯ ಅಂಟು ಸವರಿ ಸ್ಕ್ಯಾನಿನ ಹಿಡಿಕೆ ಒತ್ತಿದಳು. ಬಹಳ ಹೊತ್ತು ಪರದೆ ನೋಡಿ, ಈ ರೋಗಿಗೆ ಅರಿವಳಿಕೆ ಕೊಡಬಾರದು, ಹೊಟ್ಟೆ ತುಂಬಿದೆ ಎಂದಳು.

"ಇವನದಾ? ಮಂಚಕ್ಕೆ 'ಖಾಲಿ' ಅಂತ ಚೀಟಿ ಅಂಟಿಸಿದೀನಿ, ಕಾಣ್ಸಲ್ವಾ?" ಎಂದು ಲೆಗಾಸ್ಪಿನೊ ಹಿಡಿಕೆ ಕಿತ್ತುಕೊಂಡು ತಾವೇ ಒತ್ತಿದರು. ಅವರ ಕಿವಿ ಕೆಂಪಾಯಿತು. ಪರೀಕ್ಷಕರು ಹುಡುಗಿಗೆ ಪೂರ್ತಿ ಅಂಕ ಕೊಟ್ಟರು.

"ಏನ್ ತಿಂದ್ಯೋ ಕಳ್ನನ್ಮಗ್ನೆ?" ಲೆಗಾಸ್ಪಿನೊ ಬಗ್ಗಿ ನನ್ನ ಕಿವಿಯಲ್ಲಿ ಕೇಳಿದರು.

"ಅನ್ನ ಡಾಕ್. ಮನುಷ್ರು ತಿಂತಾರಲ್ಲ, ಅದು."

ಇನ್ನು ಎಂಟು ಗಂಟೆ ಕಾಲ ನಾನು ಖಾಲಿಯಾಗುವವನಲ್ಲ. ಹತ್ತೊಂಬತ್ತು ಮಂದಿ ಬಾಕಿ. ಡಾಕ್ಟರು ಕೋಣೆಯನ್ನೆಲ್ಲ ನೋಡಿದರು. ಪರೀಕ್ಷಕರು, ಎಳೆಯರು, ಬೆರ್ತಿಂಗ್, ಸ್ವತಃ ತಾವು, ಎಲ್ಲರೂ ಉಂಡವರೇ. ಕಣ್ಣು ಬಾಗಿಲ ಬಳಿ ನಿಂತಿತು.

"ಗ್ಲೆಸೆರಿಯಾ, ನಿಂದು ಊಟ ಆಗಿಲ್ಲ ತಾನೆ? ಬಾ, ಮಲಕ್ಕೋ."

ಗ್ಲೆಸೆರಿಯಾ ಒರೆಸುವ ಕೋಲಿಗೆ ಎರಡೂ ಕೈ ಊರಿ ನೆಟ್ಟಗೆ ನಿಂತಳು.

"ಆಗೈತೆ ಡಾಕ್. ಕುತ್ಗೆ ಮಟ್ಟ ತಿಂದಿವ್ನಿ," ಎಂದಳು.

ನನ್ನ ಹೊಟ್ಟೆಯ ಚಿತ್ರ ನಿಂತಿದ್ದ ಪರದೆ ಆರಿಸಲು ಯಾರಿಗೂ ನೆನಪಾಗಿರಲಿಲ್ಲ. ಅವಳ ಊಟ ಅದರಲ್ಲಿ ಬೆಳ್ಳಗೆ ಕಾಣುತ್ತಿತ್ತು.